ಕುಸಿದ ಸುರಂಗವನ್ನು ಮತ್ತೆ ಬಿಡಿಸಿದ್ದು: ಬಾಯಾರಿನಿಂದ ಒಂದು ದುರಸ್ತಿಯ ಲೆಕ್ಕ

2024ರ ಜುಲೈ, ಮಳೆ ಬಿಡದೆ ಹೊಡೆಯುತ್ತಿದ್ದ ಹೊತ್ತು. ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಮೂರು ದಿನ ಕೆಂಪಾಗಿ ಬಂತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ, ನೀರು ಹೊರಗೆ ಹರಿಸುವ ದೋಣಿಯಂಥ ದಂಬೆಯ ತುದಿಯಲ್ಲಿ ಬೆರಳು ಗಾತ್ರದ ಧಾರೆ. ಸುತ್ತ ತೋಡುಗಳೆಲ್ಲ ತುಂಬಿ ಹರಿಯುತ್ತಿದ್ದವು. ಅಂಥ ಮಳೆಯಲ್ಲಿ ಸುರಂಗ ಒಂದೇ ಸಣಕಲಾಗಬೇಕಿದ್ದರೆ ಒಳಗೆ ಮಣ್ಣು ಬಿದ್ದಿದೆ ಎಂದೇ ಅರ್ಥ.

ಮನೆ ಇರುವುದು ಕಾಸರಗೋಡು ಜಿಲ್ಲೆಯ ಬಾಯಾರಿನ ಹತ್ತಿರ, ಗುಡ್ಡೆಯ ಬುಡದಲ್ಲಿ. ಒಂದೂಕಾಲು ಎಕರೆ ಅಡಕೆ ತೋಟ. ಕುಡಿಯುವುದಕ್ಕೂ ತೋಟಕ್ಕೂ ಅಜ್ಜನ ಕಾಲದಲ್ಲಿ ಕೊರೆಸಿದ ಈ ಸುರಂಗವೇ ಆಧಾರ. ಉದ್ದ ಅರವತ್ತು ಕೋಲು. ಇಲ್ಲಿಯ ಕೋಲು ಎಂದರೆ ಎರಡೂವರೆ ಅಡಿ, ಹಾಗಾಗಿ ನೂರೈವತ್ತು ಅಡಿ. ಅಗಲ ಎರಡು ಅಡಿ, ಎತ್ತರ ತಲೆ ತುಸು ಬಗ್ಗಿಸಿ ನಡೆಯುವಷ್ಟು. ಒಳಗೆ ಹೋದಂತೆ ನೆಲ ಸ್ವಲ್ಪ ಸ್ವಲ್ಪವೇ ಏರುತ್ತದೆ, ಆದ್ದರಿಂದ ನೀರು ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಸುರಂಗ ಎಂಬ ಮಾತು ದೂರದವರಿಗೂ ತಿಳಿಯಿತು. ಬೋಳು ಗುಡ್ಡೆಯಲ್ಲಿ ಒಬ್ಬರೇ ಪಿಕ್ಕಾಸು ಹಿಡಿದು, ಒಂದು ಸುರಂಗದಲ್ಲಿ ನೀರು ಸಿಗದಿದ್ದರೆ ಇನ್ನೊಂದು ಎಂದು ಕೊರೆಯುತ್ತಲೇ ಹೋದವರು ಅವರು.

ಊರವರ ಸಲಹೆ ಒಂದೇ: ಬೋರ್ ಹಾಕಿಸಿ. ನಾನು ಹಾಕಿಸಲಿಲ್ಲ. ಹಠಕ್ಕಲ್ಲ, ಈ ಗುಡ್ಡೆಯಲ್ಲಿ ನೀರು ಎಲ್ಲಿ ಕೂತಿದೆ ಎಂಬುದನ್ನು ಸುರಂಗದೊಳಗೆ ಟಾರ್ಚ್ ಹಿಡಿದು ಹೋದವರು ಯಾರೂ ಕಣ್ಣಾರೆ ನೋಡಬಹುದು. ಮೇಲೆ ಪದವಿನಲ್ಲಿ, ಅಂದರೆ ಗುಡ್ಡೆಯ ಸಮತಟ್ಟು ನೆತ್ತಿಯಲ್ಲಿ, ಕಪ್ಪಗೆ ಸುಟ್ಟಂತಿರುವ ಗಟ್ಟಿ ಮುರಕಲ್ಲಿನ ಹೊದಿಕೆ. ಅದರಡಿ ಜೇನುಗೂಡಿನ ಹಾಗೆ ತೂತು ತೂತಾದ ಮೆತ್ತನೆಯ ಮುರ. ಅದರ ಕೆಳಗೆ ಹಳದಿ, ಬಿಳಿ, ನೇರಳೆ ಪಟ್ಟೆಗಳ ಶೇಡಿಮಣ್ಣು, ಜೇಡಿಯಂಥ ನಯ ಮಣ್ಣು. ಅದಕ್ಕೂ ಕೆಳಗೆ ಕರಿಗಲ್ಲು. ಇವೆಲ್ಲ ಮೊದಲು ಒಂದೇ ಕಲ್ಲು. ಲಕ್ಷಾಂತರ ವರ್ಷಗಳ ಮಳೆ ಮೇಲಿನಿಂದ ಕೊಳೆಸುತ್ತಾ ಬಂದು ಹೀಗೆ ಪದರವಾಗಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮಲಬಾರು ಸುತ್ತಿ ಈ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನಿನಲ್ಲಿ ಇಟ್ಟಿಗೆಗೆ ಇರುವ ಮಾತಿನಿಂದ ಬಂದ ಹೆಸರು ಅದು. ಹಸಿಯಿರುವಾಗ ಕಡಿದರೆ ತುಂಡಾಗುತ್ತದೆ, ಬಿಸಿಲು ಗಾಳಿ ತಾಗಿದರೆ ಗಟ್ಟಿಯಾಗುತ್ತದೆ.

ಮಳೆನೀರು ಮುರದ ತೂತುಗಳಲ್ಲಿ ಇಳಿಯುತ್ತದೆ, ಶೇಡಿಯ ಮೇಲೆ ಬಂದು ತಡೆಯುತ್ತದೆ, ಶೇಡಿ ಯಾವ ಕಡೆ ಓರೆಯಾಗಿದೆಯೋ ಆ ಕಡೆಗೆ ನಿಧಾನ ಜಾರುತ್ತದೆ. ಸುರಂಗ ತಾಗುವುದು ಆ ಸಂದಿಗೆ. ಬೋರ್ ಕೊರೆಯುವಾಗ ಮಾಡುವುದೇನು? ಮೆತ್ತನೆಯ ಪದರ ಮುಗಿಯುವವರೆಗೆ ಕೇಸಿಂಗ್ ಪೈಪ್ ಇಳಿಸಿ ಆ ನೀರನ್ನು ಹೊರಗಿಟ್ಟು, ಕರಿಗಲ್ಲಿನ ಬಿರುಕಿನಲ್ಲಿ ಬೇರೆ ನೀರನ್ನು ಹುಡುಕುವುದು. ಕರಿಗಲ್ಲಿನ ಮೈಯಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಬಿರುಕು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ದೂಳು. ಆಳ ಹೋದಂತೆ ಆ ಬಿರುಕುಗಳೂ ಮೇಲಿನ ಭಾರಕ್ಕೆ ಬಿಗಿಯಾಗುತ್ತವೆ. ಕೇಸಿಂಗನ್ನು ಸರಿಯಾಗಿ ಕೂರಿಸದಿದ್ದರೆ ಇನ್ನೊಂದು ಅನಾಹುತ: ಮೇಲಿನ ಮುರದ ನೀರು ಪೈಪಿನ ಹೊರಬದಿಯಿಂದ ಕೆಳಗಿಳಿದು ಅಕ್ಕಪಕ್ಕದ ಬಾವಿ ಸುರಂಗಗಳು ಸೊರಗುತ್ತವೆ.

ಮಳೆಗಾಲದಲ್ಲಿ ಒಳಗೆ ಹೋಗುವುದು ಜೀವದ ಜೊತೆ ಆಡಿದಂತೆ. ಆದ್ದರಿಂದ ಜನವರಿವರೆಗೆ ಕಾಯಬೇಕಾಯಿತು. ಆ ಬಿಡುವಿನಲ್ಲಿ ಅಂಗಳದಲ್ಲೇ ಒಂದು ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸುರಂಗದ ಬಾಯಿಯ ಪಕ್ಕದಿಂದ ಒಂದು ಮುರಕಲ್ಲಿನ ತುಂಡು ತಂದು, ಅಡಕೆ ಒಣಗಿಸುವ ಅಂಗಳದಲ್ಲಿ ಮೂರು ವಾರ ಬಿಸಿಲಿಗಿಟ್ಟೆ. ಅಡಕೆ ತೂಗುವ ತಕ್ಕಡಿಯಲ್ಲಿ 4 ಕಿಲೋ 100 ಗ್ರಾಂ. ಆಮೇಲೆ ಬಾಲ್ದಿ ನೀರಿನಲ್ಲಿ ಎರಡು ದಿನ ಮುಳುಗಿಸಿಟ್ಟೆ. ಮೊದಲ ಅರ್ಧ ಗಂಟೆ ಗುಳುಗುಳು ಗುಳ್ಳೆ ಬರುತ್ತಲೇ ಇತ್ತು. ತೂತುಗಳಲ್ಲಿದ್ದ ಗಾಳಿ ಅದು. ಎತ್ತಿದ ಕೂಡಲೆ ತಟ್ಟೆಯ ಮೇಲಿಟ್ಟು, ಸೋರಿದ ನೀರೂ ಸೇರಿದ ಹಾಗೆ ತೂಗಿದರೆ 4 ಕಿಲೋ 780. ಅಂದರೆ 680 ಗ್ರಾಂ ನೀರು ಕುಡಿದಿದೆ. ಅದೇ ಒದ್ದೆ ಕಲ್ಲನ್ನು ಅಂಚಿನವರೆಗೆ ತುಂಬಿದ ಬಾಲ್ದಿಗಿಳಿಸಿದಾಗ ಚೆಲ್ಲಿದ ನೀರು 2 ಲೀಟರ್ 300 ಮಿಲಿ. ಅದೇ ಕಲ್ಲಿನ ಗಾತ್ರ. ಗಾತ್ರದಲ್ಲಿ ನೂರಕ್ಕೆ ಸುಮಾರು 30 ಪಾಲು ಬರಿಯ ಖಾಲಿ ಜಾಗ!

ಇಷ್ಟಕ್ಕೇ ನಿಲ್ಲಿಸಿದರೆ ತಪ್ಪು ತಿಳಿವಳಿಕೆಯಾಗುತ್ತದೆ. ಕಲ್ಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಒಂದು ಹಗಲು ಒಂದು ರಾತ್ರಿ ಹಗ್ಗದಲ್ಲಿ ತೂಗುಹಾಕಿ, ಮತ್ತೆ ತೂಗಿದೆ. 4 ಕಿಲೋ 520. ಕುಡಿದ 680ರಲ್ಲಿ ಬಿಟ್ಟುಕೊಟ್ಟದ್ದು 260 ಮಾತ್ರ. ಉಳಿದ 420 ಗ್ರಾಂ ಸಣ್ಣ ಸಣ್ಣ ರಂಧ್ರಗಳ ಗೋಡೆಗೆ ಅಂಟಿಕೊಂಡು ಕೂತಿತು. ಸುರಂಗಕ್ಕೆ ಬರುವುದು ಆ 260ರ ಪಾಲೇ. ಗುಡ್ಡೆಯಲ್ಲಿ ಇರುವ ನೀರು ಬೇರೆ, ಗುಡ್ಡೆ ಕೊಡುವ ನೀರು ಬೇರೆ. ಇದನ್ನು ನಾನು ಓದಿ ತಿಳಿದಿದ್ದೆ, ಆದರೆ ತಕ್ಕಡಿಯ ಮುಳ್ಳು ತೋರಿಸಿದ ದಿನವೇ ಅದು ಮನಸ್ಸಿಗೆ ಹೊಕ್ಕಿತು.

ಶೇಡಿಮಣ್ಣಿನ ಉಂಡೆಯನ್ನೂ ಹಾಗೆಯೇ ತೂಗುಹಾಕಿದೆ. ಅದರೊಳಗೆ ನೀರು ಮುರಕ್ಕಿಂತ ಹೆಚ್ಚೇ ಇತ್ತು. ಅಡಿಯಲ್ಲಿಟ್ಟ ಬಟ್ಟಲಿಗೆ ಬೆಳಗಾದರೂ ಒಂದು ಹನಿ ಬೀಳಲಿಲ್ಲ. ಶುದ್ಧ ಜೇಡಿಯಲ್ಲಿ ನೀರು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿದರೆ ಹೆಚ್ಚು. ಮುರದ ದೊಡ್ಡ ತೂತುಗಳಲ್ಲಿ ದಿನಕ್ಕೆ ಮೀಟರುಗಟ್ಟಲೆ ಹೋಗಬಲ್ಲದು. ಒಂದೇ ಗುಡ್ಡೆ, ಒಂದರ ಮೇಲೊಂದು ಪದರ, ಆದರೂ ಇಷ್ಟು ವ್ಯತ್ಯಾಸ.

2025ರ ಜನವರಿ ಎರಡನೇ ವಾರ ಕೆಲಸ ಶುರು. ಬಂದವರು ಎಪ್ಪತ್ತು ದಾಟಿದ ಒಬ್ಬ ಸುರಂಗದ ಕೆಲಸದವರು, ನಾವು ಅಜ್ಜ ಅಂತಲೇ ಕರೆಯುವುದು. ಜೊತೆಗೆ ಅವರ ಅಳಿಯ. ಒಳಗೆ ಬೆಳಕಿಗೆ ನಮ್ಮಲ್ಲಿ ತಲೆಗೆ ಕಟ್ಟುವ ಲೈಟು ಇತ್ತು, ಆದರೂ ಅಜ್ಜ ಮೇಣದ ಬತ್ತಿ ಬಿಡಲಿಲ್ಲ. ಬತ್ತಿ ಮಂಕಾದರೆ ಗಾಳಿ ಕೆಟ್ಟಿದೆ, ಹಿಂದೆ ಬರಬೇಕು. ಲೈಟು ಅದನ್ನು ಹೇಳುವುದಿಲ್ಲ.

ಹದಿನಾರು ಕೋಲು ಒಳಗೆ, ಅಂದರೆ ನಲವತ್ತು ಅಡಿಯಲ್ಲಿ, ದಾರಿ ಪೂರ್ತಿ ಮುಚ್ಚಿತ್ತು. ಮೇಲಿಂದ ಶೇಡಿ ಕುಸಿದು ಒಡ್ಡು ಕಟ್ಟಿದ ಹಾಗೆ. ನಾನು ಗುದ್ದಲಿ ಎತ್ತಿದ್ದೆ, ಅಜ್ಜ ಕೈ ಹಿಡಿದರು.

"ಅಣ್ಣೆರೆ, ಇದರ ಹಿಂದೆ ನೀರು ನಿಂತಿದೆ. ಬಾಯಿ ಬಿಡಿಸಿದರೆ ನಮ್ಮನ್ನು ಅದು ಹೊರಗೆ ತಳ್ಳುವುದಿಲ್ಲ, ಇಲ್ಲೇ ಹುಗಿಯುತ್ತದೆ."

ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿದ್ದೇನೆ. ಹಾಗೆ ಹೇಳಿ ಒಡ್ಡಿಗೆ ಕಿವಿ ಇಟ್ಟರು, ಪಿಕ್ಕಾಸಿನ ಕಾವಿನಿಂದ ಮೇಲಿನಿಂದ ಕೆಳಗೆ ಮೆಲ್ಲನೆ ತಟ್ಟುತ್ತಾ ಬಂದರು. ಎದೆಯ ಎತ್ತರದವರೆಗೆ ಒಂದು ಸದ್ದು, ಅಲ್ಲಿಂದ ಕೆಳಗೆ ತುಂಬಿದ ಮಡಕೆಯ ಸದ್ದು. ನೀರಿನ ಮಟ್ಟ ಅಲ್ಲಿ ಎಂದು ಕರಿಯಲ್ಲಿ ಗೆರೆ ಎಳೆದರು.

ಒಂದೂಕಾಲು ಇಂಚಿನ ಜಿಐ ಪೈಪಿಗೆ ತುದಿ ಚೂಪು ಮಾಡಿಸಿ, ಪಕ್ಕದಲ್ಲಿ ತೂತು ಕೊರೆಸಿ, ಗೆರೆಗಿಂತ ಒಂದು ಗೇಣು ಕೆಳಗೆ ಸುತ್ತಿಗೆಯಲ್ಲಿ ಹೊಡೆದು ಒಳಗೆ ಕಳಿಸಿದೆವು. ಆರಡಿ ಹೋದಾಗ ಪೈಪು ಒಮ್ಮೆಲೇ ಸಡಿಲಾಯಿತು, ಕೆಂಪು ನೀರು ಹಾರಿತು. ಅದರ ಮಟ್ಟ ಇಳಿದ ಮೇಲೆ ಕೆಳಗೆ ಇನ್ನೊಂದು ಪೈಪು. ಎರಡು ಸೇರಿ ಒಂದೂವರೆ ದಿನ ಹರಿದವು. ಅಷ್ಟು ನೀರನ್ನು ಬರಿಯ ಮಣ್ಣಿನ ಒಡ್ಡು ಆರು ತಿಂಗಳು ಹಿಡಿದು ನಿಂತಿತ್ತು. ಆ ಕೈ ನನ್ನನ್ನು ತಡೆಯದೆ ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮಣ್ಣು ತೆಗೆಯುವಾಗ ಕಾರಣವೂ ಸಿಕ್ಕಿತು. ಮೂರು ವರ್ಷದ ಹಿಂದೆ ಸುರಂಗದ ಮುಂಭಾಗ ಚಂದ ಕಾಣಲಿ ಎಂದು ಒಬ್ಬ ಗುತ್ತಿಗೆದಾರರ ಮಾತು ಕೇಳಿ, ನಲವತ್ತು ಅಡಿವರೆಗೂ ಎರಡು ಬದಿಗೆ ಸಿಮೆಂಟು ಸಾರಣೆ ಮಾಡಿಸಿದ್ದೆ. ಒಸರುವುದಕ್ಕೆ ಒಂದು ತೂತನ್ನೂ ಬಿಟ್ಟಿರಲಿಲ್ಲ. ಗೋಡೆಯಿಂದ ಜಿನುಗಬೇಕಾದ ನೀರು ಸಿಮೆಂಟಿನ ಹಿಂದೆ ನಿಂತಿತು. ನಿಂತ ನೀರಿಗೆ ಒತ್ತಡ ಉಂಟು. ಆ ಒತ್ತಡ ಮಣ್ಣಿನ ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ, ಕಣಕ್ಕೆ ಕಣ ಒರಗಿ ನಿಲ್ಲುವ ಬಲ ಹೋಗುತ್ತದೆ. ಸಾರಣೆ ಮುಗಿದ ಅಂಚಿನಲ್ಲಿ, ಎಲ್ಲಿ ಶೇಡಿ ಬರಿಮೈಯಲ್ಲಿತ್ತೋ ಅಲ್ಲೇ ಕುಸಿದದ್ದು. ಕಿತ್ತ ಸಿಮೆಂಟಿನ ಹಿಂಬದಿಯಲ್ಲಿ ಅಂಗೈಯಷ್ಟು ದಪ್ಪ ಕೆಂಪು ಲೋಳೆ, ಬೆರಳು ಹಾಕಿದರೆ ಮೊಸರಿನ ಹಾಗೆ ಒಳಗೆ ಹೋಗುತ್ತಿತ್ತು. ನಾನು ದುಡ್ಡು ಕೊಟ್ಟು ಮಾಡಿಸಿದ ಕೆಲಸ ಅದು. ಅಪ್ಪ ಅಂದೇ "ಗೋಡೆಗೆ ಉಸಿರು ಬೇಡವಾ?" ಎಂದು ಕೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಇನ್ನೊಂದು ವಿಷಯವೂ ಆಗ ಬಿಡಿಸಿಕೊಂಡಿತು. ಕುಸಿದ ಮೇಲೆ ಪಕ್ಕದ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ), ಮೂವತ್ತು ಅಡಿ ಆಚೆ, ಹಿಂದೆಂದೂ ಇಲ್ಲದ ಒಂದು ಒರತೆ ಕಂಡಿತ್ತು. ಒಳಗೆ ನೀರಿನ ಮಟ್ಟ ಏರಿದ್ದರಿಂದ ಅದು ಹೊಸ ದಾರಿ ಹಿಡಿದಿತ್ತು. ಫ್ರಾನ್ಸಿನ ಡಿಜೋನ್ ಊರಿಗೆ ನೀರು ತಂದ ಎಂಜಿನಿಯರ್ ಡಾರ್ಸಿ ಮರಳು ತುಂಬಿದ ಕೊಳವೆಗಳಲ್ಲಿ ನೀರು ಹರಿಸಿ, 1856ರಲ್ಲಿ ಬರೆದದ್ದು ಇದನ್ನೇ: ಎರಡು ಕಡೆಯ ಮಟ್ಟದ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು, ನಡುವಿನ ದಾರಿ ಉದ್ದವಾದಷ್ಟೂ ಕಡಿಮೆ. ಒಳಗಿನ ನೀರು ಖಾಲಿಯಾದ ಐದನೇ ದಿನಕ್ಕೆ ಬರೆಯ ಒರತೆ ಒಣಗಿತು.

ಕುಸಿದ ಜಾಗದಲ್ಲಿ ಹನ್ನೆರಡು ಅಡಿ ಉದ್ದಕ್ಕೆ ಎರಡು ಬದಿಗೂ ಮುರಕಲ್ಲು ಕಟ್ಟಿದೆವು. ಕಲ್ಲಿನ ನಡುವೆ ಗಾರೆ ಇಲ್ಲ, ಹಿಂದೆ ಒಂದು ಗೇಣು ಜಲ್ಲಿ. ಮೇಲೆ ಸಿಮೆಂಟು ಹಲಗೆ, ಹಲಗೆಗೂ ಮಣ್ಣಿಗೂ ನಡುವೆ ಸಂದು ಉಳಿಯದಂತೆ ಕಲ್ಲುಚೂರು ತುಂಬಿದ್ದು. ಕೆಲಸ ಆಗುವವರೆಗೆ ಅಡಕೆ ಮರದ ಸೀಳುಗಳನ್ನು ಊರುಗೋಲು ಕೊಟ್ಟು ನಿಲ್ಲಿಸಿದ್ದೆವು. ಹಳೆಯ ಸಾರಣೆಯನ್ನು ಪೂರ್ತಿ ಕೆತ್ತಿ ತೆಗೆಸಿದೆ. ಒಟ್ಟು ಹತ್ತೊಂಬತ್ತು ದಿನದ ಕೆಲಸ.

ಅಳತೆಗೆ ಹತ್ತು ಲೀಟರಿನ ಬಾಲ್ದಿ, ಮೊಬೈಲಿನ ಗಡಿಯಾರ. ಕೆಲಸಕ್ಕೆ ಮೊದಲು ಬಾಲ್ದಿ ತುಂಬಲು 3 ನಿಮಿಷ 20 ಸೆಕೆಂಡು. ಬಿಡಿಸಿದ ದಿನ 35 ಸೆಕೆಂಡು, ಆದರೆ ಅದು ಶೇಖರವಾದ ನೀರು. ಎರಡು ವಾರ ಕಳೆದು ನಿಂತದ್ದು 1 ನಿಮಿಷ 15 ಸೆಕೆಂಡಿಗೆ, ದಿನಕ್ಕೆ ಹನ್ನೊಂದೂವರೆ ಸಾವಿರ ಲೀಟರ್. 2025ರ ಮೇ 10ಕ್ಕೆ 2 ನಿಮಿಷ 10 ಸೆಕೆಂಡು, ದಿನಕ್ಕೆ ಆರೂವರೆ ಸಾವಿರ ಲೀಟರ್ ದಾಟುತ್ತದೆ. ಅಡಕೆ ಮರವೊಂದಕ್ಕೆ ಇಪ್ಪತ್ತು ಲೀಟರಿನಂತೆ ಮುನ್ನೂರಕ್ಕೂ ಹೆಚ್ಚು ಮರ. ಹಿಂದಿನ ಮೇ 10ಕ್ಕೆ ಅದೇ ಬಾಲ್ದಿಗೆ 9 ನಿಮಿಷ ಬೇಕಾಗಿತ್ತು. ಇಷ್ಟನ್ನೂ ದುರಸ್ತಿಯ ಫಲ ಎಂದು ನಾನು ಹೇಳುವುದಿಲ್ಲ. 2023ರ ಮಳೆಗಾಲ ಕೇರಳಕ್ಕೆಲ್ಲ ಕೈಕೊಟ್ಟಿತ್ತು, 2024ರದ್ದು ಹಾಗಲ್ಲ. ಸರಿಯಾದ ಹೋಲಿಕೆಗೆ ಇನ್ನೂ ಎರಡು ಮೂರು ಮೇ ತಿಂಗಳು ಬೇಕು. 2025ರಲ್ಲಿ ಮೇ ಕೊನೆಯ ಅಳತೆಯೂ ಸಿಗಲಿಲ್ಲ, ಮೇ 24ಕ್ಕೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತು.

ಮಳೆ ಬಂದಾಗ ನನ್ನ ಕಣ್ಣು ಇದ್ದದ್ದು ನೀರಿನ ಬಣ್ಣದ ಮೇಲೆ. ದಿನಾ ಬೆಳಿಗ್ಗೆ ಒಂದು ಗಾಜಿನ ಬಾಟ್ಲಿ ತುಂಬಿ ಕಿಟಕಿಯಲ್ಲಿಟ್ಟೆ. ನೀರು ಕದಡಿ ಬಂದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಲೆಕ್ಕ. ಮುರದ ಅಡಿಯ ಮೆತ್ತನೆ ಮಣ್ಣಿನಲ್ಲಿ ನೀರು ತಾನೇ ಬಿಲ ಕೊರೆದುಕೊಂಡು ಹೋಗುವುದು ನಮ್ಮ ಕಡೆಯ ಗುಡ್ಡೆಗಳ ಒಂದು ರೋಗ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಇದನ್ನು ಕೇರಳದ ಹಲವು ಕಡೆ ಅಧ್ಯಯನ ಮಾಡಿದ್ದಾರೆ. ಐದನೇ ದಿನದ ಬಾಟ್ಲಿಯ ಅಡಿಯಲ್ಲಿ ಉಗುರಿನ ದಪ್ಪ ಕೆಸರು ಕೂತಿತು, ಆ ರಾತ್ರಿ ನಿದ್ದೆ ಇಲ್ಲ. ಎಂಟನೇ ದಿನಕ್ಕೆ ತಿಳಿಯಾಯಿತು. ಹೊಸ ಜಲ್ಲಿಯಲ್ಲಿದ್ದ ದೂಳು ತೊಳೆದುಹೋದದ್ದು, ಅಷ್ಟೇ.

ಇದೇ ಭಯಕ್ಕೆ ಇಳಿಜಾರಿನಲ್ಲಿ ಇಂಗುಗುಂಡಿ ತೋಡಲು ನಾನು ಒಪ್ಪಲಿಲ್ಲ. 2019ರ ಆಗಸ್ಟಿನಲ್ಲಿ ಕೇರಳದ ಕವಳಪ್ಪಾರ, ಪುತ್ತುಮಲೆಗಳಲ್ಲಿ ಆದ ಭೂಕುಸಿತವನ್ನು ನೋಡಿದವರಿಗೆ, ನೀರು ಕುಡಿದ ಇಳಿಜಾರು ಎಷ್ಟು ಭಾರ ಎಂದು ಗೊತ್ತು. ಇಂಗಿಸುವುದಿದ್ದರೆ ಮೇಲಿನ ಸಮತಟ್ಟು ಪದವಿನಲ್ಲಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಮೀ ಮಳೆ. ಒಂದು ಎಕರೆಗೆ ಒಂದು ಕೋಟಿ ನಲವತ್ತು ಲಕ್ಷ ಲೀಟರ್ ಆಯಿತು. ಆದರೆ ಪದವಿನ ಗಟ್ಟಿ ಹೊದಿಕೆಯ ಮೇಲೆ ಬಿದ್ದದ್ದು ಬಹುಪಾಲು ಹಾಗೆಯೇ ಜಾರಿ ತೋಡಿಗೆ ಹೋಗುತ್ತದೆ. ಹಿಂದಿನವರು ಅಂಥಲ್ಲಿ ಮಳೆನೀರು ನಿಲ್ಲಿಸುವ ಮದಕ ಕಟ್ಟುತ್ತಿದ್ದರು. ನಮಗೆ ಅಲ್ಲಿ ಇದ್ದದ್ದು ಒಂದು ಹಳೆಯ ಕಲ್ಲುಕೋರೆ, ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಕಲ್ಲು ಕಡಿದವರು ಗಟ್ಟಿ ಹೊದಿಕೆ ಆಗಲೇ ತೆಗೆದಿದ್ದರು, ಆದರೆ ತಳದಲ್ಲಿ ಎರಡು ಬೆರಳು ದಪ್ಪ ನಯವಾದ ಕೆಸರು ಹೆಪ್ಪುಗಟ್ಟಿ ತೂತುಗಳೆಲ್ಲ ಮುಚ್ಚಿದ್ದವು. ಏಪ್ರಿಲಿನಲ್ಲಿ ಅದನ್ನು ಕೆರೆದು ತೆಗೆದೆವು. ಜೂನಿನಲ್ಲಿ ಮಳೆ ಬಿಟ್ಟ ಒಂದು ರಾತ್ರಿ ಕೋಲು ನೆಟ್ಟು ನೋಡಿದರೆ ಒಂಬತ್ತು ಇಂಚು ಇಳಿದಿತ್ತು, ಹನ್ನೆರಡು ಸಾವಿರ ಲೀಟರಿಗೂ ಮೇಲೆ.

ಇಳಿದದ್ದು ನಮ್ಮ ಸುರಂಗಕ್ಕೇ ಬರುತ್ತದೆಯೇ? ಇದನ್ನು ಉಪ್ಪಿನಿಂದ ಪರೀಕ್ಷಿಸಿದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸುರಂಗದ ನೀರು ಮಾಮೂಲಿಗೆ 38 (ಲೀಟರಿಗೆ ಮಿಲಿಗ್ರಾಂ) ತೋರಿಸುತ್ತಿತ್ತು. ನವೆಂಬರ್ 2ರಂದು ಕೋರೆಯಲ್ಲಿ ಎರಡು ಅಡಿ ನೀರಿದ್ದಾಗ ಐವತ್ತು ಕಿಲೋ ಕಲ್ಲುಪ್ಪು ಕರಗಿಸಿದೆ. ಕೋರೆಯಿಂದ ಸುರಂಗದ ಒಳತುದಿಗೆ ಸುಮಾರು ನಲವತ್ತೈದು ಮೀಟರ್. ಎಂಟು ದಿನ 38 ಕದಲಲಿಲ್ಲ. ಒಂಬತ್ತನೇ ದಿನ 42. ಹದಿಮೂರನೇ ದಿನ 58, ಅದೇ ತುದಿ. ಆಮೇಲೆ ನಿಧಾನ ಇಳಿಯಿತು. ಆಗ ಬಾಲ್ದಿ ಅರ್ಧ ನಿಮಿಷಕ್ಕೆ ತುಂಬುತ್ತಿತ್ತು. ದಿನದಿನದ ಹೆಚ್ಚಳವನ್ನು ನೀರಿನ ಲೆಕ್ಕಕ್ಕೆ ಗುಣಿಸಿ ಕೂಡಿಸಿದಾಗ ಸುರಂಗಕ್ಕೆ ಬಂದ ಉಪ್ಪು ನಾಲ್ಕು ಕಿಲೋ. ಉಳಿದದ್ದು ಗುಡ್ಡೆಯಲ್ಲೇ ಉಳಿದಿರಬೇಕು, ಇಲ್ಲವೇ ಆಚೆ ಬದಿಯವರ ಬಾವಿಗಳಿಗೆ ಹೋಗಿರಬೇಕು. ಕೋರೆ ನಮ್ಮ ಜಾಗದಲ್ಲಿದ್ದರೂ ಅದರ ನೀರು ನಮ್ಮೊಬ್ಬರದಲ್ಲ.

ಒಂಬತ್ತು ದಿನ ಎಂಬುದು ನನ್ನನ್ನು ಬಿಡಲಿಲ್ಲ. ನಮಗೆ ಹತ್ತಿರದ ಎಣ್ಮಕಜೆಯ ಪಡ್ರೆಯಲ್ಲಿ, ಗುಡ್ಡೆಯ ಮೇಲಿನ ಗೇರುತೋಟಗಳಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ, ಕೆಳಗಿನವರು ಕುಡಿಯುತ್ತಿದ್ದದ್ದು ಇಂಥದೇ ಸುರಂಗಗಳ ನೀರು.

ಕೋರೆಯ ಮೇಲ್ಬದಿಗೆ ನೆರೆಮನೆಯವರ ರಬ್ಬರ್ ಉಂಟು, ಡಿಸೆಂಬರಿನಲ್ಲಿ ಕಳೆನಾಶಕ ಹೊಡೆಸುತ್ತಾರೆ. ಟಿಡಿಎಸ್ ಬರೆದಿಟ್ಟ ಪುಸ್ತಕ ಹಿಡಿದುಕೊಂಡೇ ಅವರಲ್ಲಿಗೆ ಹೋದೆ. ಜಗಲಿಯಲ್ಲಿ ಕೂತು ಪುಟ ತಿರುವಿದರು.

"ಒಂಬತ್ತೇ ದಿನವಾ ಭಾವ?" ಎಂದರು.

"ಒಂಬತ್ತೇ ದಿನ."

ಕೋರೆಯ ಕಡೆಯ ಆರು ಸಾಲಿಗೆ ಮದ್ದು ಬೇಡ, ಕತ್ತಿಯಲ್ಲಿ ಸವರಿಸುವ ಎಂದು ಆಳಿಗೆ ಅಲ್ಲಿಂದಲೇ ಫೋನು ಮಾಡಿದರು.